ಒಗೆಯದೆ ಇಟ್ಟ ಚಾದರ

ದೊಡ್ಡ ಚಾದರವನ್ನು ಒಬ್ಬರೇ ಸರಿಯಾಗಿ ಮಡಚಲು ಆಗುವುದಿಲ್ಲ. ಆಗುತ್ತದೆ ಎನ್ನುವವರು ನಮ್ಮ ಲಾಂಡ್ರಿಗೆ ಬಂದು ಒಂದೇ ಒಂದು ದಿನ ಮಡಚಿ ತೋರಿಸಲಿ. ಸಂಜೆ ಅವರ ಸೊಂಟಕ್ಕೆ ಎಣ್ಣೆ ತಿಕ್ಕಲು ನಾನೇ ಬರುತ್ತೇನೆ.

ನಮ್ಮದು ಆಸ್ಪತ್ರೆಯ ಲಾಂಡ್ರಿ, ನೆಲಮಾಳಿಗೆಯಲ್ಲಿದೆ. ಮೇಲಿನ ಏಳು ಮಹಡಿಗಳಲ್ಲಿ ಹುಟ್ಟುವವರು, ನರಳುವವರು, ಗುಣವಾಗಿ ಎದ್ದು ಹೋಗುವವರು, ಏಳದೆಯೇ ಹೋಗುವವರು, ಎಲ್ಲರ ಕೆಳಗಿದ್ದ ಬಟ್ಟೆಯೂ ಕೊನೆಗೆ ನಮ್ಮ ಬಳಿಗೇ ಇಳಿಯಬೇಕು. ಒಂದು ಕೋಣೆಯಲ್ಲಿ ವಿಂಗಡಣೆ, ಇನ್ನೊಂದರಲ್ಲಿ ಎಮ್ಮೆ ಗಾತ್ರದ ಒಗೆಯುವ ಯಂತ್ರಗಳು, ಅದರಾಚೆ ಇಸ್ತ್ರಿಯ ಬಿಸಿ ಉರುಳೆಗಳು. ಆ ಉರುಳೆಗಳ ನಡುವಿನಿಂದ ಚಾದರ ಹಬೆಯಾಡುತ್ತ ಹೊರಬರುವ ಜಾಗದಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ನಿಂತಿದ್ದೇನೆ. ಮೂಗಿನ ತುದಿಯಲ್ಲೇ ಕೋಪ ಎಂದು ಅಲ್ಲಿನ ಹುಡುಗಿಯರು ನನಗೆ ಪಟಾಕಿ ಅಕ್ಕ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ಸುಳ್ಳೇನಲ್ಲ.

ಮಡಚುವ ಕೆಲಸ ಹೀಗೆ. ಎರಡು ಮೂಲೆ ಒಬ್ಬಳ ಕೈಗೆ, ಎರಡು ಮೂಲೆ ಇನ್ನೊಬ್ಬಳ ಕೈಗೆ. ಜಗ್ಗಿ ಹಿಡಿದು ಒಂದು ಮಡಿಕೆ. ಆಮೇಲೆ ಒಬ್ಬಳು ನಿಂತಲ್ಲೇ ನಿಲ್ಲುತ್ತಾಳೆ. ಇನ್ನೊಬ್ಬಳು ತನ್ನ ತುದಿಯನ್ನು ಹಿಡಿದು ನಡೆದು ಬಂದು ಅವಳ ಕೈಗೆ ಕೊಟ್ಟು, ಕೆಳಗೆ ಜೋತಾಡುವ ಮಡಿಕೆಯನ್ನು ಎತ್ತಿಕೊಂಡು ಹಿಂದೆ ಸರಿದು, ಮತ್ತೆ ಬರುತ್ತಾಳೆ. ನಮ್ಮಲ್ಲಿ ಇದಕ್ಕೆ ನಿಲ್ಲೋ ಕಡೆ, ನಡೆಯೋ ಕಡೆ ಎನ್ನುತ್ತಾರೆ. ದಿನಕ್ಕೆ ಒಂದು ಜೋಡಿಗೆ ಆರುನೂರು ಚಾದರ. ನಡೆಯೋ ಕಡೆಯವಳು ಅಷ್ಟು ಹೆಜ್ಜೆಯನ್ನು ನೇರವಾಗಿ ಹಾಕಿದ್ದರೆ ರೈಲು ನಿಲ್ದಾಣ ಮುಟ್ಟಿ ವಾಪಸು ಬರಬಹುದಿತ್ತು. ಅದಕ್ಕೇ ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆದಾಗ ಇಬ್ಬರೂ ಜಾಗ ಬದಲಾಯಿಸಬೇಕೆಂಬುದು ನಿಯಮ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಚಹಾ ಕುಡಿದು, ಲೋಟ ಮೇಜಿನ ಮೇಲೆಯೇ ಬಿಟ್ಟು, ಅದಕ್ಕೆ ನನ್ನಿಂದ ಬೈಸಿಕೊಂಡು ಹೊರಟವರು ಹತ್ತು ಗಂಟೆಗೆಲ್ಲ ಇಲ್ಲವಾದರು. ಜೀವಮಾನವೆಲ್ಲ ಊರಿನ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಿಸಿದ ಮನುಷ್ಯ, ಲಿಫ್ಟ್ ಕೆಟ್ಟಿದ್ದ ಕಟ್ಟಡದ ಮೆಟ್ಟಿಲು ಹತ್ತುತ್ತ ಎದೆ ಹಿಡಿದುಕೊಂಡು ಕುಳಿತರಂತೆ. ಉಪಕರಣದ ಚೀಲವನ್ನು ಪಕ್ಕಕ್ಕೆ ನೀಟಾಗಿ ಇಟ್ಟೇ ಕುಳಿತಿದ್ದರಂತೆ. ಇದನ್ನು ನನಗೆ ಹೇಳಿದ ಕಾವಲುಗಾರ ಅದೊಂದು ಸಮಾಧಾನದ ವಿಷಯ ಎಂಬಂತೆ ಹೇಳಿದ.

ಮೂರು ವಾರ ಬಿಟ್ಟು ಕೆಲಸಕ್ಕೆ ಹೋದೆ. ಒಬ್ಬೊಬ್ಬರಾಗಿ ಬಂದರು. "ಧೈರ್ಯ ತಂದ್ಕೋಬೇಕಮ್ಮ" ಎಂದಳು ಒಬ್ಬಳು. ಎಲ್ಲಿಂದ ತರಲಿ, ಮೂಲೆ ಅಂಗಡಿಯಿಂದಲೇ? "ಕಾಲಾನೇ ಮದ್ದು" ಎಂದಳು ಇನ್ನೊಬ್ಬಳು. "ಪುಣ್ಯಾತ್ಮ, ನರಳದೆ ಹೋದ್ರು" ಎಂದಳು ಮತ್ತೊಬ್ಬಳು. ಅದಕ್ಕೆ ನಾನು ಸಂತೋಷಪಡಬೇಕಿತ್ತೋ ಏನೋ. ಯಾರೂ ಕೆಟ್ಟವರಲ್ಲ, ನನಗೆ ಗೊತ್ತು. ಆದರೆ ಗಾಯವಾದ ಜಾಗವನ್ನೇ ಹುಡುಕಿ ಹುಡುಕಿ ಬೆನ್ನು ತಟ್ಟಿದರೆ ನೋವಾಗುವುದಿಲ್ಲವೇ?

ನನ್ನ ಹಳೆಯ ಜೋಡಿ ಹೊಲಿಗೆ ಕೋಣೆಗೆ ವರ್ಗವಾಗಿದ್ದಳು. ಮೇಲ್ವಿಚಾರಕರು, ಸದಾ ಕೈಗಡಿಯಾರ ನೋಡುತ್ತಾರೆಂದು ನಾವು ಗಡಿಯಾರ ಸಾಹೇಬರು ಎನ್ನುವವರು, ನನ್ನನ್ನು ಉದ್ದಕ್ಕನ ಜೊತೆ ಹಾಕಿದರು. ನಾನು ಮನಸ್ಸಿನಲ್ಲೇ ಅವರಿಗೆ ಶಾಪ ಹಾಕಿದೆ.

ಉದ್ದಕ್ಕ ಎಂದರೆ ಅರವತ್ತಕ್ಕೆ ಇನ್ನೇನು ಎರಡು ವರ್ಷ ಉಳಿದಿರುವ, ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಿಯೇ ಒಳಬರುವ ಹೆಂಗಸು. ಬಾಯಿಗೆ ಬೀಗ. ಅವರ ಜೊತೆ ಮಡಚಲು ಯಾರಿಗೂ ಇಷ್ಟವಿರಲಿಲ್ಲ. ಅವರ ಎತ್ತರಕ್ಕೆ ಸರಿಯಾಗಿ ಕೈ ಎತ್ತಿ ಎತ್ತಿ ನಮ್ಮ ರಟ್ಟೆ ಬಿದ್ದುಹೋಗುತ್ತದೆ, ಜೊತೆಗೆ ಕಾಡುಹರಟೆಯೂ ಇಲ್ಲ. ದುಃಖದಲ್ಲಿರುವವಳಿಗೆ ದೀಪದ ಕಂಬವನ್ನು ಜೋಡಿ ಕೊಟ್ಟರಲ್ಲ ಎಂದುಕೊಂಡೆ.

ಮೊದಲ ದಿನ ಅವರು ಆಡಿದ್ದು ಒಂದೇ ಮಾತು. "ಹಿಡ್ಕೊ" ಎಂದರು. ಹಿಡಿದೆ. ಅವರು ಬಂದರು, ಹೋದರು, ಬಂದರು. ಸಂಜೆಯವರೆಗೆ ಅಷ್ಟೇ. ಧೈರ್ಯದ ಮಾತಿಲ್ಲ, ನಿಟ್ಟುಸಿರಿಲ್ಲ. ಕಲ್ಲು ಎಂದುಕೊಂಡೆ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು: ಅಂದು ಇಡೀ ದಿನದಲ್ಲಿ ಅವರೊಬ್ಬರ ಎದುರು ಮಾತ್ರ ನಾನು ಮುಖ ಗಂಟುಹಾಕಿಕೊಂಡು ಗಟ್ಟಿಗಿತ್ತಿಯಂತೆ ನಟಿಸಬೇಕಾಗಿರಲಿಲ್ಲ.

ಅಳು ಹೇಳಿ ಕೇಳಿ ಬರುವುದಿಲ್ಲ. ಎರಡನೆಯ ವಾರವೋ ಏನೋ, ಹೆರಿಗೆ ವಾರ್ಡಿನ ಚಾದರಗಳು ಬರುತ್ತಿದ್ದಾಗ ಕಾರಣವೇ ಇಲ್ಲದೆ ಕಟ್ಟೆಯೊಡೆಯಿತು. ಕೈಯಲ್ಲಿ ಚಾದರದ ಮೂಲೆಗಳು, ಕಣ್ಣೊರೆಸಿಕೊಳ್ಳಲು ಮೂರನೆಯ ಕೈ ಇಲ್ಲ. ಆಗ ಉದ್ದಕ್ಕ ತಮ್ಮ ತುದಿಯನ್ನು ಹಿಡಿದು ಹತ್ತಿರ ಬಂದವರು ಹಿಂದೆ ಸರಿಯಲಿಲ್ಲ. ಎರಡೂ ಕೈ ಮೇಲೆತ್ತಿ ಆ ಚಾದರವನ್ನು ಹಾಗೇ ಹಿಡಿದು ನಿಂತರು, ಮಡಿಕೆ ಸರಿಮಾಡುವವರಂತೆ. ಅವರ ಎತ್ತರಕ್ಕೆ ಅದು ನೆಲದವರೆಗೆ ಪರದೆಯಾಯಿತು. ಅದರ ಹಿಂದೆ ನಾನು ಮೂಗು ಸುರಿಸಿಕೊಂಡು ಅತ್ತದ್ದು ಕೋಣೆಯಲ್ಲಿ ಒಬ್ಬರಿಗೂ ಕಾಣಲಿಲ್ಲ. ಅಳು ನಿಂತ ಮೇಲೆ ನೋಡಿದರೆ ಚಾದರದ ಮೇಲೆ ಅಂಗೈಯಗಲ ಒದ್ದೆ. ಕಲೆಯಾದ ಬಟ್ಟೆ ಮತ್ತೆ ಒಗೆಯಲು ಹೋಗಬೇಕು, ಅದೂ ನಿಯಮ. ನಾನು ಅದನ್ನು ತೆಗೆದಿಡಲು ಹೋದೆ.

"ಇರ್ಲಿ ಬಿಡು" ಎಂದರು ಉದ್ದಕ್ಕ. "ಬಿಸಿಗೆ ಒಣಗುತ್ತೆ. ಕಣ್ಣೀರು ಕಲೆ ಕಟ್ಟಲ್ಲ."

ಆಮೇಲೆ ಎಷ್ಟು ಸಲ ಆ ಪರದೆ ಎದ್ದಿತೋ ನಾನು ಎಣಿಸಲಿಲ್ಲ. ಒಮ್ಮೊಮ್ಮೆ ನನಗಿಂತ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ಚಾದರ ಎದ್ದ ಮೇಲೆ ನನ್ನ ಕಣ್ಣು ತುಂಬುತ್ತಿತ್ತು. ಗಡಿಯಾರ ಸಾಹೇಬರು ಒಮ್ಮೆ, "ಅದೇನ್ರೀ ಉದ್ದಕ್ಕ, ನಾಟಕದ ಪರದೆ ಹಿಡಿದ ಹಾಗೆ ನಿಂತ್ಬಿಡ್ತೀರಾ?" ಎಂದು ಕೇಳಿದರು. "ಅಂಚು ಸೊಟ್ಟಗಿತ್ತು ಸರ್" ಎಂದು ಮುಖ ಒಂದಿಷ್ಟೂ ಅಲುಗಿಸದೆ ಹೇಳಿದರು. ಆ ಹೆಂಗಸು ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರು ಎಂದು ಯಾರಿಗೂ ಗೊತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗಡಿಯಾರ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ಒಂದು ಚೀಟಿ.

"ಉದ್ದಕ್ಕನ ಮಂಡಿ ಊದಿದೆಯಂತೆ. ನಿಲ್ಲೋ ಕಡೆ ಕೊಡಿ ಅಂತ ಡಾಕ್ಟ್ರು ಬರೆದಿದ್ದಾರೆ. ಅಲ್ಲಮ್ಮ, ನೀವು ಬಂದಾಗಿಂದ ಒಂದು ಸಲಾನೂ ಜಾಗ ಬದಲಾಯಿಸಿಲ್ಲವಂತೆ? ಗಂಟೆ ಕೇಳಿಸಲ್ವಾ?"

ಕೇಳಿಸಿರಲಿಲ್ಲ. ಇದು ಸುಳ್ಳಲ್ಲ. ಇಪ್ಪತ್ತಾರು ವರ್ಷ ಆ ಗಂಟೆಗೆ ಸರಿಯಾಗಿ ಕಾಲು ತಾನಾಗಿ ಎದ್ದ ಹೆಂಗಸಿಗೆ ಎರಡು ತಿಂಗಳು ಅದು ಕಿವಿಗೇ ಬಿದ್ದಿರಲಿಲ್ಲ. ನಾನು ಎರಡು ತಿಂಗಳು ಗೂಟದಂತೆ ಒಂದೇ ಕಡೆ ನಿಂತಿದ್ದೆ, ನನಗಿಂತ ಆರು ವರ್ಷ ದೊಡ್ಡವರು ಊದಿದ ಮಂಡಿಯಲ್ಲಿ ದಿನವೂ ರೈಲು ನಿಲ್ದಾಣಕ್ಕೆ ಹೋಗಿ ಬಂದಿದ್ದರು. ನಾಚಿಕೆಯಾಯಿತು. ನನ್ನಂಥವಳಿಗೆ ನಾಚಿಕೆಯಾದರೆ ಅದು ಹೊರಗೆ ಬರುವುದು ಕೋಪದ ವೇಷದಲ್ಲಿಯೇ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅವರು ಬೆಂಚಿನ ಮೇಲೆ ಕುಳಿತು ಮಂಡಿಗೆ ಪಟ್ಟಿ ಸುತ್ತುತ್ತಿದ್ದರು. ನಾನು ಹೋಗಿ ಸಿಡಿದೆ.

"ನಿಮ್ಮನ್ನ ಯಾರು ಕೇಳಿದ್ರು? ನಂಗೇನು ಕಾಲಿಲ್ವಾ? ನನ್ನ ಮೇಲೆ ಕನಿಕರ ತೋರ್ಸೋಕೆ ನಿಮ್ಮ ಮಂಡಿನೇ ಬೇಕಾಗಿತ್ತಾ?"

ಅವರು ಪಟ್ಟಿಯ ತುದಿಯನ್ನು ಸಿಕ್ಕಿಸಿ ತಲೆ ಎತ್ತಿದರು.

"ಕನಿಕರ ಅಲ್ಲ ಕಣೆ. ನಿಂಗೆ ಆಗ ಯಾರ ಹತ್ರಕ್ಕೂ ಹೋಗೋಕೆ ಆಗ್ತಿರ್ಲಿಲ್ಲ. ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ನಾನೇ ಬರೋದಾದ್ರೆ ನೀನು ಬರ್ಬೇಕಾಗಿಲ್ವಲ್ಲ ಅಂತ."

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೆ.

"ನಿಮಗೆ ಹೇಗೆ ಗೊತ್ತು ಇದೆಲ್ಲ?" ಎಂದೆ ಸ್ವಲ್ಪ ತಣ್ಣಗಾಗಿ.

ಅವರಿಗೊಬ್ಬಳು ಮಗಳಿದ್ದಳಂತೆ. ಒಂಬತ್ತು ವರ್ಷಕ್ಕೆ ಹೋದಳಂತೆ. ನಾನು ಲಾಂಡ್ರಿಗೆ ಸೇರುವ ಮುಂಚಿನ ಮಾತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ದುಡಿದರೂ ನನಗೆ ಇದು ತಿಳಿದಿರಲಿಲ್ಲ, ಯಾಕೆಂದರೆ ನಾನು ಒಮ್ಮೆಯೂ ಕೇಳಿರಲಿಲ್ಲ.

"ಆಗ ನಂಗೆ ಎಲ್ರೂ ಬುದ್ಧಿ ಹೇಳಿದ್ರು" ಎಂದರು ಉದ್ದಕ್ಕ. "ಬುದ್ಧಿ ಇರ್ಲಿಲ್ವಾ ನಂಗೆ? ಇತ್ತು. ಜೊತೆ ಇರ್ಲಿಲ್ಲ."

ಮಾರನೆಯ ದಿನದಿಂದ ನಡೆಯೋ ಕಡೆ ನನ್ನದಾಯಿತು. ಮೊದಲ ದಿನ ಸಂಜೆಗೆ ಪಾದಗಳು ಉರಿದವು. ಎರಡು ತಿಂಗಳು ಅವರು ಇದನ್ನು ತುಟಿ ಎರಡು ಮಾಡದೆ ಹೇಗೆ ನಡೆದರೋ! ನನಗೆ ಅವರ ಮೇಲೆ ಹುಟ್ಟಿದ್ದು ಬರೀ ಕೃತಜ್ಞತೆಯಲ್ಲ. ಒಳ್ಳೆಯ ಕೆಲಸಗಾರ್ತಿಯನ್ನು ಕಂಡರೆ ಇನ್ನೊಬ್ಬ ಕೆಲಸಗಾರ್ತಿಗೆ ಹುಟ್ಟುವಂಥ ಮರ್ಯಾದೆ. ನಾನು ಚಾದರಗಳನ್ನು ಮಡಚುವುದರಲ್ಲಿ ಎಷ್ಟು ಪಳಗಿದ್ದೆನೋ, ಅವರು ಮನುಷ್ಯರ ಪಕ್ಕದಲ್ಲಿ ಇರುವುದರಲ್ಲಿ ಅಷ್ಟು ಪಳಗಿದ್ದರು.

ಹಾಗಾಗಿಯೇ ಒಂದು ಮಧ್ಯಾಹ್ನ, ಊಟದ ಬೆಂಚಿನ ಮೇಲೆ, ಯಾರಿಗೂ ಹೇಳದ ವಿಷಯವನ್ನು ಅವರಿಗೆ ಹೇಳಿಬಿಟ್ಟೆ.

ನಮ್ಮ ಮನೆಯ ಮಂಚದ ಮೇಲೆ ಚಾದರ ಇರಲಿಲ್ಲ. ನನ್ನ ಗಂಡ ತೀರಿಕೊಂಡ ದಿನ ಬೆಳಿಗ್ಗೆ ಎದ್ದು ಬಿಟ್ಟುಹೋದ ಚಾದರವನ್ನು ನಾನು ಒಗೆದಿರಲಿಲ್ಲ. ತೆಗೆದು, ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟಿದ್ದೆ. ನೀಲಿ ಪಟ್ಟೆಯ ಚಾದರ. ಹಾಸಿಗೆಯ ಮೇಲೇ ಕುಳಿತು ರೇಡಿಯೊ ಬಿಚ್ಚಿ ಬೆಸುಗೆ ಹಾಕಲು ಹೋಗಿ ಅದರಲ್ಲೊಂದು ತೂತು ಸುಟ್ಟಿದ್ದರು. ಅದಕ್ಕೆ ನಾನು ಬೈಯುತ್ತಲೇ ಹಾಕಿದ ತೇಪೆ ಇತ್ತು. ಕೆಲಸದಿಂದ ಮನೆಗೆ ಹೋದ ಕೂಡಲೇ ಚೀಲ ಬಿಚ್ಚಿ ಒಮ್ಮೆ ಮೂಸುತ್ತಿದ್ದೆ. ಗ್ರೀಸು, ಬೆವರು, ಅವರು ತಲೆಗೆ ಹಚ್ಚುತ್ತಿದ್ದ ಎಣ್ಣೆ. ಮತ್ತೆ ಕಟ್ಟಿಡುತ್ತಿದ್ದೆ. ಆ ಬರೀ ಮಂಚದ ಮೇಲೆ ಬೇರೆ ಚಾದರ ಹಾಸಲು ಮನಸ್ಸು ಬರಲಿಲ್ಲ, ನಡುಮನೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದೆ. ನಿದ್ದೆ ಎಂಬುದು ಹತ್ತಿರ ಸುಳಿಯುತ್ತಿರಲಿಲ್ಲ.

"ಆಸ್ಪತ್ರೆಗೆಲ್ಲ ಚಾದರ ಒಗೆಯೋಳು ನಾನು" ಎಂದೆ. "ಮನೇಲಿ ಒಂದನ್ನ ಒಗೆಯೋಕೆ ಆಗ್ತಿಲ್ಲ. ದಿನಾ ಬಿಚ್ಚಿ ಬಿಚ್ಚಿ ವಾಸನೆ ಕಮ್ಮಿ ಆಗ್ತಾ ಇದೆ ಅಕ್ಕ. ಹಾಗೇ ಇಟ್ರೆ ಬೆವರು ಬಟ್ಟೇನ ತಿಂದುಬಿಡುತ್ತೆ ಅನ್ನೋದೂ ನಂಗೆ ಗೊತ್ತು. ಒಗೆದ್ರೂ ಹೋಗುತ್ತೆ, ಇಟ್ರೂ ಹೋಗುತ್ತೆ. ಏನು ಮಾಡ್ಲಿ ಹೇಳಿ?"

ಒಗೆದುಬಿಡು, ಎಷ್ಟು ದಿನ ಅಂತ ಹೀಗೆ, ಎಂದು ಅವರು ಹೇಳುತ್ತಾರೆಂದು ಕಾದೆ. ಹೇಳಿದ್ದರೆ ಜಗಳವಾಡಲು ತಯಾರಾಗಿಯೂ ಇದ್ದೆ.

ಅವರು ಡಬ್ಬಿಯ ಮುಚ್ಚಳ ಹಾಕಿ ಯೋಚಿಸಿದರು. "ಚೀಲದ ಬಾಯಿ ಬರೀ ಗಂಟು ಹಾಕಿದೀಯಾ? ಅದ್ರಲ್ಲಿ ಗಾಳಿ ಆಡುತ್ತೆ."

ಮಾರನೆಯ ದಿನ ಬರುವಾಗ ಒಂದು ದಪ್ಪ ಚೀಲ ತಂದರು. ಶಸ್ತ್ರಚಿಕಿತ್ಸೆಯ ಕೋಣೆಗೆ ಶುದ್ಧ ಬಟ್ಟೆ ಕಳಿಸುವಂಥದ್ದು, ಬಾಯಿ ಒತ್ತಿದರೆ ಅಂಟಿಕೊಳ್ಳುತ್ತದೆ. ಸ್ಟೋರಿನ ಗುಮಾಸ್ತನನ್ನು ಕಾಡಿ ಬೇಡಿ ತಂದಿದ್ದರಂತೆ. ಅದನ್ನು ಹೇಗೆ ಒತ್ತಬೇಕು, ಒಳಗಿನ ಗಾಳಿಯನ್ನು ಮೊದಲು ಹೇಗೆ ಹೊರಗೆ ತಳ್ಳಬೇಕು ಎಂದು ತೋರಿಸಿಕೊಟ್ಟರು. "ದಿನಾ ಬಿಚ್ಬೇಡ" ಎಂದರು. "ವಾರಕ್ಕೆ ಎರಡು ಸಲ ಬಿಚ್ಚು. ಜಾಸ್ತಿ ದಿನ ಬರುತ್ತೆ."

ಇಂಥ ಮನುಷ್ಯರೂ ಇರುತ್ತಾರೆ! ನನ್ನ ಹುಚ್ಚನ್ನು ಬಿಡಿಸಲು ಬಂದವರು ಹತ್ತು ಜನ. ಆ ಹುಚ್ಚಿಗೆ ಒಳ್ಳೆಯ ಚೀಲ ಹುಡುಕಿ ತಂದವರು ಇವರೊಬ್ಬರೇ.

ನಮ್ಮ ಲಾಂಡ್ರಿಯಲ್ಲಿ ಒಂದು ಸೌಲಭ್ಯವಿದೆ. ತಿಂಗಳ ಕೊನೆಯ ಶನಿವಾರ ಆಸ್ಪತ್ರೆಯ ಬಟ್ಟೆ ಮುಗಿದ ಮೇಲೆ, ಕೆಲಸದವರು ತಮ್ಮ ತಮ್ಮ ಮನೆಯ ಚಾದರ, ಪರದೆ ತಂದು ಕೊನೆಯ ಸುತ್ತಿನಲ್ಲಿ ಹಾಕಬಹುದು. ಎಲ್ಲರಿಗೂ ಒಂದೊಂದು ಹಸಿರು ಚೀಲ ಕೊಟ್ಟಿದ್ದಾರೆ. ಚೀಲ ತಂದವರು ತಾವೇ ಅದನ್ನು ಯಂತ್ರದ ಬಾಯಿಗೆ ಸುರಿಯಬೇಕು.

ನನ್ನ ಗಂಡ ಹೋಗಿ ನಾಲ್ಕು ತಿಂಗಳಾಗಿತ್ತು. ಬೇರೆ ಊರಿನಲ್ಲಿರುವ ನನ್ನ ಮಗಳು ಮಗುವನ್ನು ಕಟ್ಟಿಕೊಂಡು ವಾರದ ಮಟ್ಟಿಗೆ ಬಂದಿದ್ದಳು. ಅಮ್ಮನ ಮನೆ ಧೂಳು ಹಿಡಿದಿದೆ ಎಂದು ಶುಕ್ರವಾರವೆಲ್ಲ ಗುಡಿಸಿ, ಒರೆಸಿ, ಬೀರು ಜೋಡಿಸಿ, ಒಗೆಯಬೇಕಾದ್ದನ್ನೆಲ್ಲ ಹಸಿರು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಶನಿವಾರ ಬೆಳಿಗ್ಗೆ ನಾನು ಅದನ್ನು ಹೆಗಲಿಗೇರಿಸಿ, "ಏನೇ ಇದು, ಕಲ್ಲು ತುಂಬಿದೀಯಾ?" ಎಂದು ಗೊಣಗಿ ಬಸ್ಸು ಹತ್ತಿದೆ. ಮಧ್ಯಾಹ್ನ ಸರದಿ ಬಂದಾಗ ಪಕ್ಕದವಳ ಜೊತೆ ಹರಟುತ್ತ, ಚೀಲವನ್ನು ತಲೆಕೆಳಗು ಮಾಡಿ ಯಂತ್ರಕ್ಕೆ ಕೊಡವಿದೆ. ಒಳಗೆ ಏನಿದೆ ಎಂದು ಕಣ್ಣೆತ್ತಿಯೂ ನೋಡಲಿಲ್ಲ. ದಿನಕ್ಕೆ ನೂರಾರು ಸಲ ಬಟ್ಟೆ ಸುರಿಯುವ ಕೈಗಳು ನೋಡುವುದಿಲ್ಲ.

ಒಂದು ಗಂಟೆಯ ನಂತರ ಉರುಳೆಗಳ ನಡುವಿನಿಂದ ಬಣ್ಣ ಬಣ್ಣದ ಮನೆಯ ಚಾದರಗಳು ಬರತೊಡಗಿದವು. ಶನಿವಾರದ ಈ ಕೊನೆಯ ಸುತ್ತು ಎಲ್ಲರಿಗೂ ಇಷ್ಟ. ಯಾರ ಮನೆಯ ಪರದೆ ಹರಿದಿದೆ, ಯಾರ ದಿಂಬಿನ ಚೀಲದ ಮೇಲೆ ಹೃದಯದ ಚಿತ್ರವಿದೆ ಎಂದು ನಗಾಡುತ್ತೇವೆ. ನಾನು ಎರಡು ಮೂಲೆ ಹಿಡಿದೆ, ಉದ್ದಕ್ಕ ಎರಡು ಮೂಲೆ ಹಿಡಿದು ಎಳೆದರು. ನೀಲಿ ಪಟ್ಟೆ. ಅವರ ಬಲಗೈಯಿಂದ ಒಂದು ಗೇಣು ಕೆಳಗೆ ತೇಪೆ.

ಇಬ್ಬರೂ ಒಟ್ಟಿಗೇ ನೋಡಿದೆವು. ಅವರು ಆ ತೇಪೆಯನ್ನು ಕಂಡಿದ್ದವರಲ್ಲ, ಕೇಳಿದ್ದವರು ಮಾತ್ರ. ಆದರೂ ಅವರ ಮುಖದ ರಕ್ತ ಇಳಿದದ್ದು ನನಗೆ ಕಂಡಿತು. ಚಾದರ ಬಿಸಿಯಾಗಿತ್ತು, ಹೊಸದರಂತೆ ಗರಿಗರಿಯಾಗಿತ್ತು. ಗ್ರೀಸಿಲ್ಲ, ಎಣ್ಣೆಯಿಲ್ಲ, ಏನೂ ಇಲ್ಲ.

"ನಾನೇ ಹಾಕಿದೆ" ಎಂದೆ. "ನನ್ನ ಕೈಯಾರೆ ನಾನೇ ಹಾಕಿದೆ ಅಕ್ಕ."

ಹಿಂದೆ ಉರುಳೆಗಳು ಮುಂದಿನ ಚಾದರವನ್ನು ಹೊರದಬ್ಬುತ್ತಿದ್ದವು. ಅದು ನೆಲಕ್ಕೆ ಬಿತ್ತು, ಅದರ ಮೇಲೆ ಇನ್ನೊಂದು ಬಿತ್ತು. ಉದ್ದಕ್ಕ ತಮ್ಮ ತುದಿಯ ಎರಡೂ ಮೂಲೆಗಳನ್ನು ಒಂದೇ ಕೈಗೆ ತಂದುಕೊಂಡು, ಇನ್ನೊಂದು ಉದ್ದನೆಯ ಕೈ ಚಾಚಿ ಗೋಡೆಯ ಮೇಲಿನ ಕೆಂಪು ಗುಂಡಿಯನ್ನು ಒತ್ತಿದರು.

ಆ ಗುಂಡಿ ಯಾರದಾದರೂ ಬೆರಳು ಉರುಳೆಗೆ ಸಿಕ್ಕಾಗ ಒತ್ತಲು ಇರುವಂಥದ್ದು. ಇಡೀ ಲಾಂಡ್ರಿ ಒಮ್ಮೆಗೇ ನಿಂತಿತು. ಅಷ್ಟು ಸದ್ದಿನಲ್ಲಿ ಬದುಕುವ ನಮಗೆ ಆ ಮೌನದಿಂದಲೇ ಗಾಬರಿ. ಗಡಿಯಾರ ಸಾಹೇಬರು ಓಡಿ ಬಂದರು.

"ಯಾರ ಕೈ? ಯಾರ ಕೈ ಸಿಕ್ತು?"

"ಕೈ ಅಲ್ಲ ಸರ್" ಎಂದರು ಉದ್ದಕ್ಕ. "ನಮಗೆ ಒಂದು ಹತ್ತು ನಿಮಿಷ ಬೇಕು."

ಮೂವತ್ತು ವರ್ಷದಲ್ಲಿ ಒಂದು ನಿಮಿಷ ತಡವಾಗಿ ಬರದ, ಒಂದು ನಿಮಿಷ ಮುಂಚೆ ಹೋಗದ ಹೆಂಗಸು ಹೀಗೆ ಕೇಳಿದರೆ ಯಾರು ತಾನೇ ಏನು ಹೇಳಿಯಾರು? ಸಾಹೇಬರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಕೈಗಡಿಯಾರ ನೋಡಲಿಲ್ಲ. ಉಳಿದವರ ಕಡೆ ತಿರುಗಿ, "ಎಲ್ರೂ ಹೋಗಿ ನೀರು ಕುಡ್ಕೊಂಡು ಬನ್ನಿ" ಎಂದು ತಾವೇ ಮುಂದೆ ನಡೆದರು. ಅವರ ಮೇಲೆ ನಾನು ಹಾಕಿದ ಶಾಪಗಳನ್ನೆಲ್ಲ ಅವತ್ತೇ ವಾಪಸು ತೆಗೆದುಕೊಂಡೆ.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು, ನಡುವೆ ಚಾದರ. ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಹೋಗಲಿ ಬಿಡು, ಬಟ್ಟೆಯಲ್ಲೇನಿದೆ, ಮನಸ್ಸಿನಲ್ಲಿದ್ದಾರಲ್ಲ, ಇಂಥ ಒಂದು ಮಾತನ್ನು ಅವರು ಆಡಿದ್ದರೆ ನಾನು ಆ ಚಾದರವನ್ನು ಅಲ್ಲೇ ಹರಿದುಹಾಕುತ್ತಿದ್ದೆ.

"ಯಾವ ಕಡೆ ಮಲಗ್ತಿದ್ರು?" ಎಂದು ಕೇಳಿದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. "ಗೋಡೆ ಕಡೆ" ಎಂದೆ. "ತೇಪೆ ಇದೆಯಲ್ಲ, ಆ ಕಡೆ. ನೀವು ಹಿಡ್ಕೊಂಡಿರೋ ಕಡೆ."

ಉದ್ದಕ್ಕ ತಮ್ಮ ಕೈ ನೋಡಿಕೊಂಡರು. ನಾವು ಚಾದರ ಹಿಡಿಯುವುದು ಎರಡು ಬೆರಳಿನ ತುದಿಯಲ್ಲಿ. ಅವರು ಆ ಅಂಚನ್ನು ಬೆರಳಿನಿಂದ ಬಿಡಿಸಿ, ಮೆಲ್ಲಗೆ ಅಂಗೈಗೆ ತೆಗೆದುಕೊಂಡರು, ಮಲಗಿರುವವರ ಭುಜದ ಮೇಲೆ ಕೈಯಿಡುವ ಹಾಗೆ.

"ಗೊರಕೆ ಹೊಡೀತಿದ್ರಾ?"

ಅಳುತ್ತಿದ್ದ ನನಗೆ ನಗು ಬಂದುಬಿಟ್ಟಿತು. "ಗೊರಕೆನಾ! ಪಕ್ಕದ ಮನೆಯವರು ಗೋಡೆ ತಟ್ಟೋರು ಅಕ್ಕ. ಬೆಳಿಗ್ಗೆ ಕೇಳಿದ್ರೆ, ನಾನು ಕಣ್ಣೇ ಮುಚ್ಚಿಲ್ಲ ಅನ್ನೋರು. ಹೊದಿಕೆ ಎಲ್ಲ ತಮ್ಮ ಕಡೆಗೆ ಎಳ್ಕೊಳ್ಳೋರು. ಹಾಸಿಗೆ ಮೇಲೆ ಸ್ಕ್ರೂ ಸಿಗೋದು, ಬೆನ್ನಿಗೆ ಚುಚ್ಚೋದು. ಬೈದ್ರೆ ಆ ಸ್ಕ್ರೂನ ಬೆಳಕಿಗೆ ಹಿಡಿದು, ಅಯ್ಯೋ ಇದನ್ನೇ ಹುಡುಕ್ತಿದ್ದೆ ಕಣೆ ಅನ್ನೋರು..."

ನಾಲ್ಕು ತಿಂಗಳು ನಾನು ಅವರ ಬಗ್ಗೆ ಯಾರ ಹತ್ತಿರವೂ ಹೀಗೆ ಮಾತಾಡಿರಲಿಲ್ಲ. ಜನ ನನ್ನ ಹತ್ತಿರ ಮಾತಾಡಿದ್ದು ಸಾವಿನ ಬಗ್ಗೆ. ಆ ಮನುಷ್ಯನ ಬಗ್ಗೆ ಅಲ್ಲ. ಈಗ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವರ ಹಟ, ಅವರ ಜಿಪುಣತನ, ಮೊಮ್ಮಗುವನ್ನು ಎತ್ತಿಕೊಂಡು ಲಿಫ್ಟಿನ ಹಾಗೆ ಮಹಡಿ ಮಹಡಿ ಎಂದು ಮೇಲೆ ಕೆಳಗೆ ಆಡಿಸುತ್ತಿದ್ದದ್ದು. ಉದ್ದಕ್ಕ ತಲೆಯಾಡಿಸುತ್ತ ಕೇಳಿದರು. ನಕ್ಕರು ಕೂಡ. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನನ್ನೂ ಬಿಡ್ತಿರ್ಲಿಲ್ಲ" ಎಂದೆ. "ನಾನು ಮನೆಗೆ ಕಾಲಿಟ್ಟ ತಕ್ಷಣ, ಬಂತಪ್ಪ ಸೋಪಿನ ಕಾರ್ಖಾನೆ ಅನ್ನೋರು. ಇಲ್ಲಿನ ವಾಸನೆ ಮೈಗೆ ಅಂಟಿರುತ್ತಲ್ಲ, ಎಷ್ಟು ಸ್ನಾನ ಮಾಡಿದ್ರೂ ಹೋಗಲ್ಲ. ಮೂಗು ಮುಚ್ಕೊಂಡು ಅಣಕಿಸೋರು. ಮಗಳ ಹೆರಿಗೆಗೆ ಅಂತ ಹದಿನೈದು ದಿನ ಅವಳೂರಿಗೆ ಹೋಗಿದ್ದೆ. ವಾಪಸ್ ಬಂದು ನೋಡ್ತೀನಿ, ನನ್ನ ಕೆಲಸದ ಏಪ್ರನ್ನ ತಮ್ಮ ದಿಂಬಿಗೆ ಸುತ್ತಿಟ್ಕೊಂಡಿದಾರೆ! ಕೊಳಕು ಏಪ್ರನ್. ನಾಳೆ ಕೆಲಸಕ್ಕೆ ಏನು ಹಾಕ್ಕೊಂಡು ಹೋಗ್ಲಿ, ಒಗೆದಿಡೋಕೆ ಏನಾಗಿತ್ತು ಅಂತ ಬಾಯಿಗೆ ಬಂದ ಹಾಗೆ ಬೈದೆ. ಒಗೆದ್ರೆ ನಿದ್ದೆ ಬರ್ತಿರ್ಲಿಲ್ಲ ಕಣೆ, ಅಂದ್ರು."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ನನ್ನ ಕೈಯಲ್ಲಿದ್ದ ಅಂಚನ್ನು ಮುಖಕ್ಕೆ ತಂದುಕೊಂಡೆ. ನಮ್ಮ ಲಾಂಡ್ರಿಯ ಸೋಪು, ಬಿಸಿ ಇಸ್ತ್ರಿ, ಒಣಗಿದ ಹತ್ತಿ. ಇಪ್ಪತ್ತಾರು ವರ್ಷ ಈ ವಾಸನೆಯ ಪಕ್ಕದಲ್ಲಿ ಅವರು ಮಲಗಿದ್ದರು. ಹೋದ ದಿನದ ಹಿಂದಿನ ರಾತ್ರಿಯೂ ಇದರ ಪಕ್ಕದಲ್ಲಿಯೇ ಮಲಗಿದ್ದರು. ಚೀಲ ಕಟ್ಟಿ ಬೀರುವಿನಲ್ಲಿಟ್ಟು ನಾನು ಕಾಪಾಡಿಕೊಂಡದ್ದು ಅವರ ವಾಸನೆಯನ್ನು. ಅವರಿಗೆ ನಿದ್ದೆ ತರುತ್ತಿದ್ದದ್ದು ಇದು.

"ಏನಾಯ್ತೆ?" ಎಂದರು ಉದ್ದಕ್ಕ.

"ಏನಿಲ್ಲ ಅಕ್ಕ" ಎಂದೆ. "ಮಡಚೋಣ. ಇದನ್ನ ಮನೆಗೆ ತಗೊಂಡು ಹೋಗಿ ಹಾಸ್ಬೇಕು."

ಹತ್ತು ನಿಮಿಷ ಮುಗಿದಿರಲಿಲ್ಲ, ಆದರೂ ಅವರು ಹೋಗಿ ಸಾಹೇಬರನ್ನು ಕರೆದರು. ಅರ್ಧ ದಿನದ ಕೆಲಸ ಮುಗಿದ ಮೇಲೆ ಕೇಳದೆಯೇ ನನ್ನ ಜೊತೆ ಬಸ್ಸು ಹತ್ತಿದರು. ದಾರಿಯಲ್ಲಿ ನಾನು, "ಮಗಳಿಗೆ ಇದನ್ನ ಹೇಳ್ಬೇಡಿ. ಪಾಪ, ಅಮ್ಮನಿಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು" ಎಂದೆ. ಅವರು ನನ್ನನ್ನು ಒಂದು ಥರ ನೋಡಿದರು. ಪಟಾಕಿ ಅವತ್ತು ನೀರಿಗೆ ಬಿದ್ದಿತ್ತು.

ಮಗಳು ಬಾಗಿಲು ತೆರೆದಳು. "ಅಮ್ಮ, ಬೀರುವಿನ ತಳದಲ್ಲಿ ಒಂದು ಚಾದರ ಮರೆತುಬಿಟ್ಟಿದ್ದೆ ನೀನು, ಎಷ್ಟು ಕೊಳೆಯಾಗಿತ್ತು ಗೊತ್ತಾ?" ಎಂದಳು. "ಹೌದು, ಮರೆತಿದ್ದೆ" ಎಂದೆ. ನಾನೂ ಉದ್ದಕ್ಕನೂ ಒಳಗೆ ಹೋಗಿ ಅದನ್ನು ಮಂಚದ ಮೇಲೆ ಬೀಸಿ ಹಾಸಿದೆವು. ಇಪ್ಪತ್ತಾರು ವರ್ಷ ಮಡಚಿದ ಕೈಗಳಿಗೆ ಹಾಸುವುದು ಎಷ್ಟು ಹೊತ್ತಿನ ಕೆಲಸ? ತೇಪೆ ಇರುವ ಅಂಚನ್ನು ಉದ್ದಕ್ಕ ಮಂಚದಾಚೆಗೆ ಬಗ್ಗಿ ಗೋಡೆಯ ಸಂದಿಗೆ ಸಿಕ್ಕಿಸಿದರು. ಅಷ್ಟು ದೂರ ಅವರ ಕೈ ಮಾತ್ರ ಹೋಗಬಲ್ಲದು.

"ಸ್ವಲ್ಪ ಹೊತ್ತು ಮಲ್ಕೊ" ಎಂದರು. "ನಾನು ಇಲ್ಲೇ ಇರ್ತೀನಿ."

ಮಧ್ಯಾಹ್ನ ಮೂರು ಗಂಟೆಯಿರಬೇಕು. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಅಡುಗೆಮನೆಯಲ್ಲಿ ಮಗಳು ಪಾತ್ರೆ ಎತ್ತಿಡುವ ಸದ್ದು, ಉದ್ದಕ್ಕ ಮಗುವಿನ ಹತ್ತಿರ ಏನೋ ಕೇಳುತ್ತಿದ್ದ ಸದ್ದು. ನಾನು ಗೋಡೆಯ ಕಡೆಗೆ, ನನ್ನ ಗಂಡನ ಜಾಗದಲ್ಲಿ ಮಲಗಿ, ಕೈಯನ್ನು ನನ್ನ ಖಾಲಿ ಜಾಗದ ಮೇಲೆ ಚಾಚಿದೆ. ನನ್ನ ವಾಸನೆ ಬರುತ್ತಿತ್ತು. ಅವರು ಹೇಳಿದ್ದು ಸರಿ, ಆ ವಾಸನೆಗೆ ನಿದ್ದೆ ಬರುತ್ತದೆ.